ಅಗೋ, ಅದಿಗೋ

ನಾನು ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು. ಶಹಾಪುರ ತಾಲೂಕಿನಲ್ಲಿ, ಗೋಗಿ ಕಡೆಯ ಒಂದು ಹಳ್ಳಿ. ಊರಿನ ಅರ್ಧ ಜನರ ಮೂಗು ಒರೆಸಿದ ಕೈ ನನ್ನದು. ಈಗ ಅವರೇ ಮೀಸೆ ಬಿಟ್ಟುಕೊಂಡು ನನ್ನ ಮುಂದೆ ಬೈಕು ಓಡಿಸಿಕೊಂಡು ಹೋಗುತ್ತಾರೆ, ನಾನು ಬೈದರೆ ಮಾತ್ರ ನಿಲ್ಲಿಸುತ್ತಾರೆ. ನನ್ನ ದನಿ ದೊಡ್ಡದು. ಮಕ್ಕಳನ್ನು ಕರೆಯಲು ಮನೆಮನೆಗೆ ತಿರುಗಿದವಳಲ್ಲ; ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಮೂರು ಓಣಿಗೆ ಕೇಳುತ್ತಿತ್ತು. ಈ ದನಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅದರ ಮಾತು ಬರುತ್ತದೆ.

ಮಕ್ಕಳ ಬೆಳವಣಿಗೆ ಗುರುತು ಹಾಕಲು ನಮ್ಮ ಹತ್ತಿರ ಒಂದೊಂದು ಮಗುವಿಗೆ ಒಂದೊಂದು ಹಾಳೆ ಇರುತ್ತಿತ್ತು. ಕತ್ತು ನಿಲ್ಲಿಸುತ್ತದೆಯೇ, ಅಂಬೆಗಾಲು ಇಡುತ್ತದೆಯೇ, ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಹೀಗೆ ಪ್ರಶ್ನೆಗಳು. ಪ್ರತಿ ಪ್ರಶ್ನೆಯ ಮುಂದೆ ಒಂದು ಚೌಕ. ಹೌದಾದರೆ ರೈಟ್ ಹಾಕಬೇಕು. ಅವುಗಳಲ್ಲಿ ಒಂದು ಪ್ರಶ್ನೆ, ಕಂಡದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ ಎಂದಿತ್ತು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ನಿಂತು ಓದಿರಲಿಲ್ಲ. ನಾಯಿ ಕಂಡರೂ, ನೀರಿನ ಟ್ಯಾಂಕರ್ ಕಂಡರೂ ಕೂಸುಗಳ ಬೆರಳು ತಾನಾಗಿ ಏಳುತ್ತದೆ. ತೋರಿಸದ ಕೂಸು ಎಲ್ಲಿರುತ್ತದೆ? ತಿಂಗಳ ಕೊನೆಗೆ ಎಲ್ಲ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕಡೆಯಿಂದ ರೈಟ್ ಹಾಕುತ್ತ ಹೋಗುತ್ತಿದ್ದೆ. ನನ್ನ ಸ್ವಂತ ಮೊಮ್ಮಗಳ ಹಾಳೆಯಲ್ಲೂ ಹಾಗೆಯೇ ಹಾಕಿದೆ. ನಿವೃತ್ತಿಗೆ ಮುಂಚಿನ ವರ್ಷ ಅದು. ಅವಳು ಆಗ ಅದೇ ಕೋಣೆಯಲ್ಲಿ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ತಲೆ ಎತ್ತಿ ನೋಡಿದ್ದರೆ ಸಾಕಾಗಿತ್ತು.

ಮಗ ಸುರಪುರದ ಕಡೆ ಲೈನ್‌ಮನ್. ಸೊಸೆ ಗುರುಮಠಕಲ್ ಕಡೆಯವಳು. ಅವಳ ತವರಿನಲ್ಲಿ ಶಾಲೆ ಕನ್ನಡದಲ್ಲಿ, ಸಂತೆ ಎರಡರಲ್ಲೂ, ಒಲೆಯ ಮುಂದಿನ ಮಾತು ತೆಲುಗಿನಲ್ಲಿ. ನಮ್ಮ ಮನೆಗೆ ಬಂದಾಗ ಅವಳ ಕನ್ನಡಕ್ಕೆ ನಾವು ನಕ್ಕಿದ್ದೇವೆ, ಅವಳೂ ನಕ್ಕಿದ್ದಾಳೆ. ಹೆಣ್ಣು ಕೂಸು ಹುಟ್ಟಿದ ಮೇಲೆ ಅದನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಅವಳ ಬಾಯಿಂದ ತೆಲುಗೇ ಬರುತ್ತಿತ್ತು. ‘ಬಂಗಾರು’ ಎನ್ನುತ್ತಿದ್ದಳು. ಬಾಗಿಲಿಗೆ ಗುಬ್ಬಿ ಬಂದರೆ ‘ಅದಿಗೋ’ ಎನ್ನುತ್ತಿದ್ದಳು. ನಾವು ‘ಅಗೋ’ ಎನ್ನುವುದನ್ನೇ ಅವರು ‘ಅದಿಗೋ’ ಎನ್ನುತ್ತಾರೆ.

ಕೂಸು ಬಲು ಸುಮ್ಮನಿತ್ತು. ಬಂದವರೆಲ್ಲ, ಎಷ್ಟು ಶಾಣ್ಯಾ ಕೂಸು, ಅಳೋದೇ ಇಲ್ಲ ಎಂದು ಹೊಗಳಿದರು. ನಾನೂ ಬೀಗಿದೆ. ಎರಡು ವರ್ಷ ದಾಟಿದರೂ ಒಂದು ಮಾತಿಲ್ಲ. ಹೆಸರು ಕೂಗಿದರೆ ತಿರುಗಲಿಲ್ಲ. ನನ್ನ ಕೂಗಿಗೆ ಓಣಿಯ ನಾಯಿ ಎದ್ದು ನಿಂತರೂ ಅವಳು ಕದಲುತ್ತಿರಲಿಲ್ಲ. ಕಿವುಡೆನ್ನೋಣವೆಂದರೆ ಒಳಗಿನ ಕೋಣೆಯಲ್ಲಿ ಬಿಸ್ಕತ್ತಿನ ಪುಡಿಕೆ ಸದ್ದಾದರೆ ಓಡಿ ಬರುತ್ತಿದ್ದಳು. ಅಂಗಳದಲ್ಲಿ ನಿಂತು ಗಂಟೆಗಟ್ಟಲೆ ಮೇಲೆ ನೋಡುತ್ತಿದ್ದಳು. ಏನು ನೋಡುತ್ತಾಳೆಂದು ಯಾರಾದರೂ ಕೇಳಿದರೆ ಆಕಾಶ ನೋಡುತ್ತಾಳೆ ಎಂದು ಹೇಳಿ ಮಾತು ಮುಗಿಸುತ್ತಿದ್ದೆ.

ಒಂದು ದಿನ ಯಾದಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಶಹಾಪುರ ಹತ್ತಿರವಾದಾಗ ಗುಡ್ಡಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ದಿನಾ ಓಡಾಡುವವರು ಅತ್ತ ಕಣ್ಣು ಹಾಯಿಸುವುದಿಲ್ಲ, ಆದರೆ ಬಸ್ಸಿನಲ್ಲಿ ಒಂದು ಸಣ್ಣ ಮಗುವಿದ್ದರೆ ಮಾತ್ರ ಎಲ್ಲರಿಗೂ ಬುದ್ಧ ನೆನಪಾಗುತ್ತಾನೆ. ಅಗೋ ಮೂಗು, ಅಗೋ ಗದ್ದ, ಅಗೋ ಹೊಟ್ಟಿ ಎಂದು ನಾಲ್ಕು ಸೀಟಿನಿಂದ ಕೈಗಳು ಚಾಚಿದವು. ನಮ್ಮ ಕೂಸು ಕೈಗಳನ್ನೂ ನೋಡಲಿಲ್ಲ, ಗುಡ್ಡವನ್ನೂ ನೋಡಲಿಲ್ಲ. ಕಿಟಕಿಯ ಸಡಿಲಾದ ಸ್ಕ್ರೂ ನಡುಗುವುದನ್ನು ನೋಡುತ್ತಿತ್ತು. ಒಬ್ಬೊಬ್ಬರಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಎದುರಿನ ಹೆಂಗಸು ಸೊಸೆಯ ಮುಖ ನೋಡಿ, ಕೂಸಿಗಿ ಏನಾಗ್ಯದವ್ವ ಎಂದಳು. ಸೊಸೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

ಮನೆಗೆ ಬಂದು ನಾನು ತೀರ್ಪು ಕೊಟ್ಟೆ. ಮೂವತ್ತು ವರ್ಷ ಕೂಸುಗಳ ನಡುವೆ ಇದ್ದವಳಲ್ಲವೇ, ಯಾರನ್ನೂ ಕೇಳುವ ಅವಶ್ಯಕತೆ ನನಗೆ ಕಾಣಲಿಲ್ಲ.

“ಮನ್ಯಾಗ ಎರಡೆರಡು ಮಾತಾದ್ರ ಕೂಸು ಯಾವುದು ಹಿಡೀಬೇಕು? ನಾ ಅಗೋ ಅಂತೀನಿ, ನೀ ಅದಿಗೋ ಅಂತಿ. ಇವತ್ತಿನಿಂದ ನಿನ್ನ ತೆಲುಗು ಬಂದ್.”

ಸೊಸೆ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತದೆ “ಆಯ್ತ್ರಿ ಅತ್ತಿ” ಎಂದಳು. ಅಂದಿನಿಂದ ಕೂಸಿಗೆ ಎಣ್ಣೆ ತಿಕ್ಕುವಾಗ ಅವಳ ಬಾಯಿಂದ ಏನೂ ಬರಲಿಲ್ಲ. ಕನ್ನಡವೂ ಬರಲಿಲ್ಲ. ನಾನು ಅದನ್ನು ಗಮನಿಸಿದೆ, ಸಿಟ್ಟು ಮಾಡಿಕೊಂಡಿದ್ದಾಳೆ, ಇಳಿಯುತ್ತದೆ ಎಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ.

ಕೂಸಿಗೆ ಮೂರು ತುಂಬುವ ಹೊತ್ತಿಗೆ ಮಗ ಯಾರನ್ನೋ ವಿಚಾರಿಸಿ, ಯಾದಗಿರಿಯಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಂದು ಸಣ್ಣ ಕೇಂದ್ರವನ್ನು ಪತ್ತೆ ಮಾಡಿದ. ಅವನಿಗೆ ರಜೆ ಸಿಗುವುದು ಅಪರೂಪ. ಹಾಗಾಗಿ ಸೊಸೆ, ಕೂಸು, ನಾನು, ಮೂವರೇ ಹೊರಟೆವು. ಊರಿಂದ ಶಹಾಪುರಕ್ಕೆ ಟಂಟಂ ಆಟೋ, ಅಲ್ಲಿಂದ ಬಸ್ಸು, ಭೀಮಾ ಹೊಳೆ ದಾಟಿ ಯಾದಗಿರಿ. ಅಲ್ಲಿದ್ದ ಮೇಡಂ ಸಣ್ಣ ವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಕೂಸಿನ ಮುಂದೆ ನೆಲದ ಮೇಲೆ ಕೂತರು. ಆಟಿಕೆ ತೋರಿಸಿದರು, ಬೆರಳು ಮಾಡಿದರು, ಕಾದರು. ಅಷ್ಟಾದ ಮೇಲೆ ನಾವು ತಂದಿದ್ದ ಹಾಳೆ ಬಿಡಿಸಿದರು.

“ಒಂದೂವರಿ ವರ್ಷಕ್ಕ ಬೆರಳು ಮಾಡಿ ತೋರಿಸ್ತಿತ್ತು ಅಂತ ಇಲ್ಲಿ ಬರದದ. ಹಂಗಾದ್ರ ತೋರಿಸೋದು ಯಾವಾಗ ನಿಂತದ?”

“ತೋರಿಸೇ ಇಲ್ರಿ,” ಎಂದಳು ಸೊಸೆ.

“ನೀವು ಮರ್ತಿರಬೇಕು. ಇಲ್ಲಿ ರೈಟ್ ಅದ ನೋಡ್ರಿ. ಮೊದಲಿದ್ದದ್ದು ನಿಂತ್ರ ಅದು ಬ್ಯಾರೆ, ಮೊದಲಿಂದ ಇಲ್ಲಾಂದ್ರ ಅದು ಬ್ಯಾರೆ. ನಾ ನೋಡೋ ದಾರೀನೇ ಬದಲಾಗ್ತದ. ಜರಾ ನೆನಪು ಮಾಡಿಕೊಂಡು ಹೇಳ್ರಿ.”

ಸೊಸೆ ಮತ್ತೆ ಇಲ್ಲವೆಂದಳು. ಮೇಡಂ ಅವಳ ಮುಖ ನೋಡಿದರು, ಹಾಳೆ ನೋಡಿದರು. ಹಾಳೆಯನ್ನೇ ನಂಬುತ್ತಾರೆಂದು ನನಗೆ ತಿಳಿಯಿತು. ತಿಳಿದವರು ಬರೆದದ್ದಲ್ಲವೇ. ಸೊಸೆ ನನ್ನ ಕಡೆ ತಿರುಗಲಿಲ್ಲ. ಆ ಅಕ್ಷರ ಯಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಮಾತು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನೇ ನನ್ನ ಸೆರಗು ಸರಿಮಾಡಿಕೊಂಡೆ.

“ಅದು ನಾ ಹಾಕಿದ್ದರಿ,” ಎಂದೆ. “ನೋಡ್ದೇ ಹಾಕೀನಿ.”

ಮೂವತ್ತೊಂದು ವರ್ಷದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿರಲಿಲ್ಲ. ಮೇಡಂ ಬೈಯಲಿಲ್ಲ. ಪೆನ್ನು ತೆಗೆದು ಆ ರೈಟ್ ಮೇಲೆ ಒಂದು ಗೀಟು ಎಳೆದರು, ಪಕ್ಕದಲ್ಲಿ ಏನೋ ಬರೆದರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಹೇಳಿದ್ದನ್ನು ನಾನು ಇಲ್ಲಿಯವರೆಗೆ ಮರೆತಿಲ್ಲ. ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ಮಾತಿಗಿಂತ ಮೊದಲು ಕೂಸು ಇನ್ನೊಂದು ಕಲಿಯುತ್ತದೆ ಎಂದರು. “ಗಿಡದಾಗ ಒಂದು ಕಾಗಿ ಕೂತು ಕಾವ್ ಅಂತದ ಅನ್ರಿ, ನೀವು ನಾನು ಇಬ್ರೂ ಅದನ್ನೇ ನೋಡ್ತೀವಿ. ಬರೇ ನೋಡೋದಲ್ಲ, ನಾನೂ ನೋಡಾಕತ್ತೀನಿ ಅಂತ ನಿಮಗ ಗೊತ್ತದ, ನೀವೂ ನೋಡಾಕತ್ತೀರಿ ಅಂತ ನನಗ ಗೊತ್ತದ. ಮಾತು ಅನ್ನೋದು ಇದರ ಮ್ಯಾಲ ನಿಂತದ. ನಿಮ್ಮ ಕೂಸು ಎಲ್ಲಾ ನೋಡ್ತದ, ಒಂಟಿಯಾಗಿ ನೋಡ್ತದ.”

ತೆಲುಗಿನಿಂದ ಹೀಗಾಯಿತೇ ಎಂದು ನಾನು ಕೇಳಿದೆ. ಹೌದೆನ್ನಲಿ ಎಂಬ ಆಸೆ ಆಗಲೂ ನನ್ನೊಳಗೆ ಇತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಎರಡು ಭಾಷೆಯಿಂದ ಇದು ಬರುವುದಿಲ್ಲ, ತಾಯಿ ಮಾಡಿದ್ದರಿಂದಲೂ ಬರುವುದಿಲ್ಲ, ಹುಟ್ಟಿನಿಂದಲೇ ಕೂಸು ಹಾಗಿದೆ ಎಂದರು ಮೇಡಂ. ವಾಪಸು ಬರುವಾಗ ಸೊಸೆ ಕಿಟಕಿಯ ಕಡೆ ಕೂತಳು, ನಾನು ಈ ಕಡೆ. ಹೊಳೆ ಬಂತು, ಹೋಯಿತು. ತೆಲುಗಿನ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಒಂದು ತಪ್ಪು ಒಪ್ಪಿಕೊಂಡಿದ್ದೇನೆ, ಒಂದು ದಿನಕ್ಕೆ ಅಷ್ಟು ಸಾಕು ಎಂದುಕೊಂಡೆ. ಹಾಗೆ ತಿಂಗಳುಗಳೇ ಕಳೆದವು.

ವಾರಕ್ಕೊಮ್ಮೆ ಯಾದಗಿರಿಗೆ ಹೋಗಿ ಬರುವುದು ರೂಢಿಯಾಯಿತು. ಒಂದು ಗುರುವಾರ ಹೋದರೆ ಅಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಒಂದು ಯಂತ್ರ ಇಟ್ಟುಕೊಂಡು ಕೂತಿದ್ದಳು. ಎಂಜಿನಿಯರಿಂಗ್ ಕಡೆಯ ವರ್ಷ, ಅವಳ ಓದಿನ ಕೆಲಸಕ್ಕೆ ಬಂದಿದ್ದಳು. ಯಂತ್ರ ನೀರಿನ ಕೊಡದಷ್ಟು ಎತ್ತರ, ಬಿಳಿ, ಎರಡು ದುಂಡು ಕಣ್ಣು, ತಿರುಗುವ ತಲೆ, ಏಳುವ ಒಂದು ಕೈ. ಗೋಡೆಯ ಎರಡೂ ಬದಿಗೆ ಕಾಗದದ ಗಿರಗಿಟ್ಲೆ ಇಟ್ಟಿದ್ದರು. ರೋಬೋ ತಲೆ ತಿರುಗಿಸಿ ಒಂದರ ಕಡೆ ನೋಡುತ್ತದೆ. ಕೂಸೂ ಅತ್ತ ನೋಡಿದರೆ ಆ ಗಿರಗಿಟ್ಲೆ ತಿರುಗುತ್ತದೆ. ಆಟ ಇಷ್ಟೇ.

ಹುಡುಗಿ ಮೈಸೂರು ಕಡೆಯವಳು. ಅವಳ ಯಂತ್ರ “ದಯವಿಟ್ಟು ಅಲ್ಲಿ ನೋಡಿ” ಎಂದಿತು.

“ಮೂರು ವರ್ಷದ ಕೂಸಿಗಿ ದಯವಿಟ್ಟು ಅಂತದಲ್ಲ, ಏನು ತಹಶೀಲ್ದಾರರ ಮುಂದ ನಿಂತದೇನು ಅದು?” ಎಂದೆ.

“ಅಜ್ಜಿ, ಬೈತಾ ಇದೀರಾ?”

“ಬೈದಿಲ್ಲವ್ವ, ಮಾತಾಡಾಕತ್ತೇನಿ. ನಮ್ಮ ಮಾತೇ ಹಿಂಗ.”

ಅವಳು ನಕ್ಕಳು. ನಾನು ಹೇಳಿದ್ದು ಸರಿ ಎಂದೂ ಒಪ್ಪಿದಳು. ಕೂಸಿಗೆ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದಳು. ಅಗೋ ಎನ್ನುತ್ತೇವೆ ಎಂದೆ. ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು ಒಂದೇ ಸಲ ಹೇಳಿಸಿಕೊಂಡಳು. ಮುಂದಿನ ಗುರುವಾರ ಹೋದಾಗ ಆ ಕೊಡದಂಥ ಯಂತ್ರ ತಲೆ ತಿರುಗಿಸಿ ನನ್ನ ದನಿಯಲ್ಲಿ “ಅಗೋ” ಎಂದಿತು. ಸತ್ಯ ಹೇಳುತ್ತೇನೆ, ಮೈ ಜುಮ್ಮೆಂದಿತು. ಕೇಂದ್ರದ ಆಯಾ ನನ್ನನ್ನು ನೋಡಿ, ಆಯಿ, ನೀವು ಹೋದ ಮ್ಯಾಲೂ ನಿಮ್ಮ ಬಾಯಿ ಇಲ್ಲೇ ಉಳಿತದ ಬಿಡ್ರಿ ಎಂದಳು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಯಂತ್ರ ತಲೆ ತಿರುಗಿಸಿ ನನ್ನ ದನಿಯಲ್ಲಿ ಅಗೋ ಎಂದು ಸುಮ್ಮನಾಯಿತು. ಕೂಸು ಅದರ ತಲೆ ನೋಡಿತು. ಕೊನೆಗೆ ಮೆಲ್ಲಗೆ ಅದು ನೋಡುತ್ತಿದ್ದ ಕಡೆ ನೋಡಿತು. ಗಿರಗಿಟ್ಲೆ ತಿರುಗಿತು. ಕೂಸು ತಿರುಗುವುದನ್ನು ನೋಡಿ, ಮತ್ತೆ ಹಿಂದಕ್ಕೆ ಹೊರಳಿ ಯಂತ್ರದ ಮುಖ ನೋಡಿತು. ನೀನೂ ನೋಡಿದೆಯಾ ಎಂದು ಕೇಳುವ ಹಾಗಿತ್ತು. ಮೇಡಂ ನನ್ನ ಕೈ ಹಿಡಿದು ಒತ್ತಿದರು. ಸೊಸೆ ಎದ್ದು ಹೊರಗೆ ಹೋದಳು, ನಲ್ಲಿ ಬಿಟ್ಟು ಮುಖ ತೊಳೆದುಕೊಂಡು ಬಂದಳು.

ನನಗೂ ಸಂತೋಷವಾಯಿತು. ಆದರೆ ಅದರ ಹಿಂದೆಯೇ ಹೊಟ್ಟೆಕಿಚ್ಚು ಬಂತು. ಮನೆಗೆ ಬಂದು, ನನ್ನ ದನಿ ನನ್ನ ಬಾಯಲ್ಲೇ ಇದೆಯಲ್ಲ ಎಂದು ಶುರು ಮಾಡಿದೆ. ಅಗೋ ಕಾಗಿ, ಅಗೋ ಟ್ರ್ಯಾಕ್ಟರ್, ಅಗೋ ನಿಮ್ಮಪ್ಪ ಬಂದಾನ. ಕೂಸು ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿತು. ಒಂದು ವಾರ ಹೀಗೆ ಸೋತು ಗುರುವಾರ ಹೋದವಳೇ ಆ ಹುಡುಗಿಯ ಮೇಲೆ ಹರಿಹಾಯ್ದೆ.

“ನನ್ನ ದನಿ ತಗೊಂಡು ಆ ಡಬ್ಬ್ಯಾಗ ಹಾಕಿದಿ. ಈಗ ಡಬ್ಬಿ ಕರದ್ರ ನೋಡ್ತಾಳ, ನಾ ಕರದ್ರ ಕಿವಿ ಮುಚ್ಚತಾಳ. ಇದು ಯಾವ ನ್ಯಾಯ?”

ಈ ಸಲ ನಿಜವಾಗಿಯೂ ಬೈದಿದ್ದೆ, ಅವಳಿಗೂ ತಿಳಿಯಿತು. ಲ್ಯಾಪ್‌ಟಾಪ್ ತೆರೆದು ಎರಡು ವಿಡಿಯೋ ತೋರಿಸಿದಳು. ಮೊದಲನೆಯದರಲ್ಲಿ ಯಂತ್ರ. ಅಗೋ ಎಂದಿತು, ಕಾಯಿತು. ಎಷ್ಟು ಹೊತ್ತು ಕಾಯಿತೆಂದರೆ ನೋಡುತ್ತಿದ್ದ ನನಗೇ ಬೇಸರ ಬಂತು. ಎರಡನೆಯದರಲ್ಲಿ ನಾನು, ಕಳೆದ ತಿಂಗಳು ಅಲ್ಲೇ ಕೂಸಿನ ಜೊತೆ ಕೂತಿದ್ದು. ಯಂತ್ರ ಒಂದು ಮಾತಾಡಿ ಕಾದ ಹೊತ್ತಿನಲ್ಲಿ ನಾನು ಕರೆದಿದ್ದೆ, ಚಪ್ಪಾಳೆ ತಟ್ಟಿದ್ದೆ, ಗದ್ದ ಹಿಡಿದು ತಿರುಗಿಸಿದ್ದೆ, ಇನ್ನೊಂದು ಆಟಿಕೆ ತೋರಿಸಿದ್ದೆ, ಸೊಸೆಗೆ ನೀರು ತರಲು ಹೇಳಿದ್ದೆ, ಉಸಿರು ಬಿಟ್ಟಿರಲಿಲ್ಲ. ಸದ್ದಿಲ್ಲದೆ ನೋಡಿದರೂ ನನ್ನ ಬಾಯಿ ಕಾಣುತ್ತಿತ್ತು. ದೀಪದ ಬುಡ ಕತ್ತಲು ಎನ್ನುವುದು ಇದಕ್ಕೇ.

“ಯಂತ್ರಕ್ಕೆ ಮುಖ ಕಮ್ಮಿ ಅಜ್ಜಿ,” ಎಂದಳು. “ಅದು ಪ್ರತಿ ಸಲ ಒಂದೇ ಥರ ತಿರುಗತ್ತೆ. ನಮ್ಮ ಮುಖದಲ್ಲಿ ಒಂದೇ ಸಲಕ್ಕೆ ಏನೇನೋ ನಡೀತಿರತ್ತೆ, ಅವಳಿಗೆ ಯಾವುದನ್ನು ಹಿಡೀಬೇಕು ಗೊತ್ತಾಗಲ್ಲ.”

“ಅಂದ್ರ ಇದು ಕಲಿಸಿದ್ದನ್ನ ನಾಳಿಗಿ ನಮ್ಮ ಜೋಡಿ ಮಾಡ್ತಾಳೇನು?”

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ಗೊತ್ತಿಲ್ಲ ಅಜ್ಜಿ. ಕೆಲವು ಮಕ್ಕಳು ಮಾಡ್ತಾರೆ, ಕೆಲವರು ಯಂತ್ರದ ಜೊತೆ ಮಾತ್ರ ಮಾಡ್ತಾರೆ. ನಾನು ಬಂದಿರೋದೇ ಅದನ್ನ ನೋಡೋಕೆ.” ಸುಳ್ಳು ಹೇಳಲಿಲ್ಲವೆಂದು ಅವಳ ಮೇಲೆ ಗೌರವ ಬಂತು. ಆದರೆ ಜೀವನವಿಡೀ ಒಂದು ಕೊಡದ ಮುಖ ನೋಡಿಕೊಂಡು ನಮ್ಮ ಮುಖ ನೋಡದೆ ಉಳಿದರೆ ಏನು ಮಾಡುವುದು?

ಆಗ ಆ ಹುಡುಗಿ ಸೊಸೆಯ ಕಡೆ ತಿರುಗಿ ಕೇಳಿದಳು, “ಅಕ್ಕ, ಇವಳು ತುಂಬ ಚಿಕ್ಕೋಳಿದ್ದಾಗ ನೀವು ಏನಂತ ತೋರಿಸ್ತಿದ್ರಿ? ನೀವೂ ಅಗೋ ಅಂತಾನೇ?”

ಸೊಸೆ ನನ್ನ ಕಡೆ ನೋಡಿದಳು. ಒಂದು ಕ್ಷಣವಷ್ಟೇ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೇಳಲು ಅಪ್ಪಣೆ ಇದೆಯೇ ಎಂಬ ಪ್ರಶ್ನೆಯಿತ್ತು. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಅದಿಗೋ ಅಂತಿದ್ದೆ. ತೆಲುಗು,” ಎಂದಳು.

“ಈಗ ಅನ್ನಲ್ವಾ?”

“ಈಗ ಇಲ್ಲ.”

ಯಾಕೆ ಎಂದು ಹುಡುಗಿ ಕೇಳುವ ಮೊದಲೇ ನಾನು ಹೇಳಿದೆ, “ನಾ ಬ್ಯಾಡ ಅಂದೀನವ್ವ. ಇಕಿ ತೆಲುಗಿನಿಂದ ಕೂಸು ಕೆಡ್ತು ಅಂತ ಇಕಿ ಕಡಿ ಬಟ್ಟು ಮಾಡಿ ತೋರಿಸ್ದಾಕಿ ನಾನೇ.”

ಹೇಳಿದ ಮೇಲೆ ನಾನು ಆಡಿದ ಮಾತು ನನಗೇ ಕೇಳಿಸಿತು. ನಮ್ಮ ಮನೆಯಲ್ಲಿ ಬೆರಳು ಮಾಡಿ ತೋರಿಸಿದ್ದು ಯಾರು ಎಂದು ಹಾಳೆಯಲ್ಲಿ ಕೇಳಿದ್ದರೆ ನನ್ನ ಹೆಸರಿನ ಮುಂದೆ ರೈಟ್ ಹಾಕಬಹುದಿತ್ತು. ಕೂಸಿನಿಂದ ಅದರ ತಾಯಿಯ ಮಾತನ್ನು ಕಿತ್ತುಕೊಂಡಿದ್ದೆ. ಇಬ್ಬರೂ ಒಟ್ಟಿಗೆ ನೋಡುವುದಕ್ಕೆ ಇದ್ದ ಒಂದು ಸಣ್ಣ ದಾರಿ ಅದು, ಅದಕ್ಕೆ ಮುಳ್ಳು ಹಚ್ಚಿ ಬಂದ್ ಮಾಡಿದ್ದೆ. ಅದರಿಂದ ಕೂಸಿಗೆ ಆಟಿಸಂ ಬರಲಿಲ್ಲ, ಅದು ನನಗೆ ಗೊತ್ತು. ಆದರೆ ತಾಯಿ ಮೂಕಿಯಾದಳು.

ಅಂದು ಶಹಾಪುರದ ಬಸ್ ನಿಲ್ದಾಣದಲ್ಲಿ ಟಂಟಂಗೆ ಕಾಯುವಾಗ ಸೊಸೆಗೆ ಹೇಳಿದೆ, “ನಾ ತಪ್ಪು ಮಾಡೀನಿ. ಇನ್ನ ಮ್ಯಾಲ ನಿನ್ನ ಮಾತಿನ್ಯಾಗೇ ಮಾತಾಡ್ಸು ಕೂಸಿಗಿ.”

ಅವಳು ಕೂಸಿನ ಲಂಗದ ದಾರ ಬಿಗಿ ಮಾಡುತ್ತಿದ್ದಳು. “ಒಂದು ಸಲ ನುಂಗಿದ ಮಾತು ಕರದ ಕೂಡ್ಲೇ ಬರಂಗಿಲ್ಲ ಅತ್ತಿ,” ಎಂದಳು. ಹಾಗೆ ಹೇಳುವ ಹಕ್ಕು ಅವಳಿಗೆ ಇತ್ತು. ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚುವುದೇ ನನ್ನ ಹೊಸ ಉದ್ಯೋಗವಾಯಿತು. ಕೂಸು ನೀವು ನೋಡಿದ್ದನ್ನು ನೋಡಲಿ ಎಂದು ಹಟ ಮಾಡಬೇಡಿ, ಮೊದಲು ಕೂಸು ನೋಡುವುದನ್ನು ನೀವು ನೋಡಿ ಎಂದು ಮೇಡಂ ಹೇಳಿದ್ದರು. ಅಂಗಳದಲ್ಲಿ ಫರಸಿಕಲ್ಲಿನ ಮೇಲೆ ಅವಳ ಪಕ್ಕ ಕೂತೆ. ನನ್ನ ಮಂಡಿಯ ಕಥೆ ಬೇರೆ ಇದೆ, ಅದನ್ನು ಬಿಡಿ. ಮಾತಿಲ್ಲ, ಚಪ್ಪಾಳೆ ಇಲ್ಲ. ಅವಳ ತಲೆ ಎಷ್ಟು ಎತ್ತರದಲ್ಲಿದೆಯೋ ಅಷ್ಟಕ್ಕೆ ನನ್ನ ತಲೆ ತಗ್ಗಿಸಿ, ಅವಳ ಕಣ್ಣು ಹೋದ ಕಡೆ ಕಣ್ಣು ಹಾಯಿಸಿದೆ. ಮೊದಲ ಕೆಲವು ದಿನ ನನಗೂ ಆಕಾಶವೇ ಕಂಡಿತು.

ಆಮೇಲೆ ಒಂದು ಮಧ್ಯಾಹ್ನ ಕಂಡಿತು. ಬೀದಿಯ ಕರೆಂಟಿನ ತಂತಿಗೆ ಹಳೆಯ ಗಾಳಿಪಟದ ಬಾಲ ಸಿಕ್ಕಿಕೊಂಡಿತ್ತು. ಒಂದು ಗೇಣು ಕೆಂಪು ಬಟ್ಟೆ, ಬಿಸಿಲಿಗೆ ಬಣ್ಣ ಹೋಗಿ ಇಟ್ಟಿಗೆಯ ಬಣ್ಣ ಆಗಿತ್ತು. ಗಾಳಿ ನಮ್ಮ ಮೈಗೆ ತಾಗುವ ಮೊದಲೇ ಅದು ಅಲುಗುತ್ತಿತ್ತು. ಅದು ಅಲುಗಿತೆಂದರೆ, ಎರಡು ಉಸಿರು ಕಳೆದ ಮೇಲೆ ಅಂಗಳದ ಬೇವು ಸದ್ದು ಮಾಡುತ್ತಿತ್ತು, ಆಮೇಲೆ ಕೂಸಿನ ಹಣೆಯ ಕೂದಲು ಹಾರುತ್ತಿತ್ತು. ಆಗ ಅವಳು ಕಣ್ಣು ಮುಚ್ಚಿ ನಗುತ್ತಿದ್ದಳು. ಎಷ್ಟೋ ತಿಂಗಳಿಂದ ಈ ಕೂಸು ಗಾಳಿ ಬರುವುದನ್ನು ಮೊದಲೇ ತಿಳಿದು ಕಾಯುತ್ತಿತ್ತು, ನಾವು ಅದನ್ನು ಆಕಾಶ ನೋಡುವ ಹುಚ್ಚು ಎಂದಿದ್ದೆವು. ನನಗೆ ಅಳು ಬಂತು. ಅತ್ತರೆ ಮುಖದಲ್ಲಿ ಮತ್ತೆ ಏನೇನೋ ನಡೆಯುತ್ತದಲ್ಲ ಎಂದು ಸೆರಗು ಕಚ್ಚಿ ಕೂತೆ.

ಸೊಸೆಯನ್ನು ಕರೆದು ಆ ಬಟ್ಟೆ ತೋರಿಸಿದೆ. ಅವಳು ಕೂಸಿನ ಇನ್ನೊಂದು ಪಕ್ಕ ಕೂತಳು. ಅಂದಿನಿಂದ ಊಟವಾದ ಮೇಲೆ ಮೂವರೂ ಅಲ್ಲಿ ಕೂರುವುದು ನಡೆಯಿತು. ಓಣಿಯವರು, ಮೂರು ಹೆಣ್ಣುಮಕ್ಕಳು ಮಳಿ ಕಾಯಾಕತ್ತಾರೇನು ಎಂದು ಚೇಷ್ಟೆ ಮಾಡಿದರು. ಒಂದು ದಿನ ಬಟ್ಟೆ ಅಲುಗಿದಾಗ ಸೊಸೆಯ ಬಾಯಿಂದ ತಾನಾಗಿಯೇ ಬಂತು, ಮೆಲ್ಲಗೆ, “ಅದಿಗೋ.” ಒಂದೇ ಸಲ. ಆಮೇಲೆ ಸುಮ್ಮನಾದಳು. ನಾನು ಅವಳ ಕಡೆ ತಿರುಗಲಿಲ್ಲ, ತಿರುಗಿದರೆ ಮತ್ತೆ ನುಂಗುತ್ತಾಳೆಂಬ ಹೆದರಿಕೆ. ಕೂಸು ಏನೂ ಮಾಡಲಿಲ್ಲ. ಆದರೆ ಸೊಸೆ ಮರುದಿನವೂ ಹೇಳಿದಳು. ಎಣ್ಣೆ ತಿಕ್ಕುವಾಗ ಬಂಗಾರು ಎಂಬ ಮಾತೂ ಒಂದು ದಿನ ನನ್ನ ಕಿವಿಗೆ ಬಿತ್ತು.

ಬೇಸಿಗೆಗೆ ಆ ಹುಡುಗಿಯ ಓದು ಮುಗಿಯಿತು. ಯಂತ್ರವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿದಳು. “ಅಜ್ಜಿ, ನಿಮ್ಮ ದನಿ ಅಳಿಸಲ್ಲ” ಎಂದಳು. ಮುಂದಿನ ಗುರುವಾರ ಕೂಸು ಆ ಕೋಣೆಗೆ ಹೋಗಿ ಯಂತ್ರವಿದ್ದ ಜಾಗದ ಮುಂದೆ ಬಹಳ ಹೊತ್ತು ನಿಂತಿತು. ಯಾರ ಮುಖವನ್ನೂ ನೋಡಲಿಲ್ಲ. ಗಿರಗಿಟ್ಲೆಗಳು ಗೋಡೆಯ ಮೇಲೆ ಹಾಗೆಯೇ ಇದ್ದವು. ಮೇಡಂ ತಲೆ ತಿರುಗಿಸಿ ತೋರಿಸಿದರು, ನಾನು ತೋರಿಸಿದೆ, ಒಂದೇ ಸಲ ಹೇಳಿ ಕಾದೆವು. ಅವಳು ನೆಲ ನೋಡಿದಳು. ಎಲ್ಲವೂ ಪೆಟ್ಟಿಗೆಯೊಳಗೆ ಹೋಯಿತೆಂದು ಅಂದು ನಾನು ನಂಬಿದೆ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಂಗಳದಲ್ಲಿ ಕೂರುವುದನ್ನು ಮಾತ್ರ ಬಿಡಲಿಲ್ಲ. ಬೇರೆ ಏನು ಮಾಡುವುದೆಂದು ತಿಳಿಯದೆ ಕೂತೆವು ಎಂದರೇ ಸರಿ.

ಮಳೆಗಾಲಕ್ಕೆ ಮುಂಚೆ ಲೈನ್‌ಮನ್‌ಗಳು ತಂತಿಗೆ ತಾಗುವ ಟೊಂಗೆ ಕಡಿಯುತ್ತಾರೆ, ಸಿಕ್ಕಿಕೊಂಡದ್ದನ್ನು ತೆಗೆಯುತ್ತಾರೆ. ಆ ಕೆಲಸಕ್ಕೆಂದು ನಮ್ಮ ಊರಿನ ತಂಡದವರು ಬಂದಾಗ ನನ್ನ ಮಗ ರಜೆಯ ಮೇಲೆ ಮನೆಯಲ್ಲೇ ಇದ್ದ. ತಾನೂ ಕೈ ಹಚ್ಚಿದ. ಲೈನ್ ಬಂದ್ ಮಾಡಿಸಿ, ನಮ್ಮ ಬೀದಿಯ ಕಂಬಕ್ಕೆ ತಾನೇ ಹತ್ತಿ ತಂತಿಯ ಮೇಲಿನ ಕಸವೆಲ್ಲ ತೆಗೆದ. ಅವನಿಗೆ ಅದು ಕಸ. ನಾವಿಬ್ಬರೂ ಒಳಗೆ ರೊಟ್ಟಿ ಬಡಿಯುತ್ತಿದ್ದೆವು, ನೋಡಲಿಲ್ಲ. ಅವನಿಗೆ ಆ ಬಟ್ಟೆಯ ಸಂಗತಿ ಹೇಳಬೇಕೆಂದು ನಮಗೆ ಹೊಳೆದಿರಲೂ ಇಲ್ಲ.

ಊಟವಾಯಿತು. ಮಗ ಬಾಗಿಲ ಹತ್ತಿರ ಕೂತು ಕೈಕಾಲು ತೊಳೆಯುತ್ತಿದ್ದ. ಕೂಸು ಎಂದಿನಂತೆ ಹೊರಗೆ ಹೋಗಿ ಫರಸಿಕಲ್ಲಿನ ಮೇಲೆ ನಿಂತಿತು. ನಾವಿಬ್ಬರೂ ಅವಳ ಹಿಂದೆ ಕೂತೆವು. ಮೇಲೆ ನೋಡಿತು. ತಲೆ ಈಚೆ ಹೊರಳಿಸಿತು, ಆಚೆ ಹೊರಳಿಸಿತು, ತಂತಿಯ ಗುಂಟ ಕಂಬದಿಂದ ಕಂಬಕ್ಕೆ ಹುಡುಕಿತು. ಬೇವು ಸದ್ದು ಮಾಡಿತು. ಗಾಳಿ ಹೇಳದೆ ಕೇಳದೆ ಬಂದು ಅವಳ ಕೂದಲು ಹಾರಿಸಿತು. ಅವಳು ನಗಲಿಲ್ಲ. ಸೊಸೆಯೂ ನಾನೂ ಆಗಲೇ ಮೇಲೆ ನೋಡಿದ್ದು, ಬಟ್ಟೆ ಇಲ್ಲವೆಂದು ತಿಳಿದದ್ದು. ಇನ್ನು ಕಿರುಚುತ್ತಾಳೆ, ನೆಲಕ್ಕೆ ತಲೆ ಬಡಿಯುತ್ತಾಳೆ ಎಂದು ನಾನು ಎದ್ದೆ.

ಅವಳ ಕೈ ಎದ್ದಿತು. ಮೊದಲು ಐದೂ ಬೆರಳು, ಆಮೇಲೆ ಒಂದೇ. ಬರಿಯ ತಂತಿಯ ಕಡೆ ಬೆರಳು ಮಾಡಿ “ದಿಗೋ” ಎಂದಳು. ಕೈ ಇಳಿಸದೆ ಹಿಂದಕ್ಕೆ ಹೊರಳಿ ಅವ್ವನ ಮುಖ ನೋಡಿದಳು.

ಸೊಸೆ ಅಲುಗಲಿಲ್ಲ. ಯಂತ್ರ ಕಾದಷ್ಟೇ ಹೊತ್ತು ಕಾದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಅವುನು ಬಂಗಾರು,” ಎಂದಳು. “ಅದಿಗೋ. ಲೇದು.” ಅವುನು ಎಂದರೆ ಹೌದು, ಲೇದು ಎಂದರೆ ಇಲ್ಲ. ನಮ್ಮ ಕೂಸು ಜೀವನದಲ್ಲಿ ಮೊದಲ ಸಲ ಒಬ್ಬರಿಗೆ ಏನನ್ನೋ ತೋರಿಸಿತ್ತು, ತೋರಿಸಿದ್ದು ಇಲ್ಲದ್ದನ್ನು.

ಮಗ ಒದ್ದೆ ಕೈಯಲ್ಲೇ ಎದ್ದು ಬಂದು ಮೇಲೆ ನೋಡಿದ. “ಏನದ ಅಲ್ಲಿ? ಏನೂ ಇಲ್ಲಲ್ಲ,” ಎಂದ. ಲೈನ್‌ಮನ್ ಕಣ್ಣು, ಅವನಿಗೆ ಸ್ವಚ್ಛವಾದ ತಂತಿಯೇ ಕಂಡಿತು. ಅಲ್ಲಿ ಏನು ಇಲ್ಲ ಎನ್ನುವುದು ಊರಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅಷ್ಟು ದಿನ ಅವಳ ಪಕ್ಕ ಕೂತು ಅದನ್ನೇ ನೋಡಿದ್ದೆವಲ್ಲ.

ಸೊಸೆ ನನ್ನ ಕಡೆ ತಿರುಗಿದಳು. ಅವಳೂ ಬೆರಳು ಎತ್ತಿ ಆ ಖಾಲಿ ತಂತಿ ತೋರಿಸಿದಳು. “ಅತ್ತಿ,” ಎಂದಳು, “ಅದಿಗೋ.” ನಮ್ಮ ಮನೆಗೆ ಬಂದಂದಿನಿಂದ ನನ್ನೊಡನೆ ಅವಳು ಆಡಿದ ಮೊದಲ ತೆಲುಗು ಮಾತು ಅದು. ಕೂಸೂ ತಲೆ ತಿರುಗಿಸಿ, ನಾನು ನೋಡುತ್ತೇನೋ ಇಲ್ಲವೋ ಎಂದು ನನ್ನ ಮುಖ ನೋಡಿತು.

ನಾನು ನೋಡಿದೆ. ಅವರು ತೋರಿಸಿದ ಕಡೆ ನೋಡಿ, ನನ್ನ ಒರಟು ನಾಲಿಗೆಯಲ್ಲಿ, ಒಂದೇ ಸಲ, ಸಣ್ಣ ದನಿಯಲ್ಲಿ ಹೇಳಿದೆ, “ಲೇದು.”